ಬಚ್ಚಿಟ್ಟ ಏಣಿ

ನಮ್ಮ ಚಿಕ್ಕಮ್ಮನ ಕೈ ಸುಮ್ಮನಿರುವ ಕೈಯಲ್ಲ. ಯಾರಾದರೂ ಊಟಕ್ಕೆ ಕರೆದರೂ ಮೊದಲು ಅವರ ಮನೆಯ ಸೋರುವ ನಲ್ಲಿ ಸರಿಮಾಡಿ ಆಮೇಲೆ ತಟ್ಟೆಯ ಮುಂದೆ ಕೂರುವವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಕೈಯೂ ನಿಂತಿತು, ಬಾಯಿಯೂ ಮುಚ್ಚಿತು. ಎರಡಕ್ಕೂ ಮತ್ತೆ ಜೀವ ಬಂದದ್ದು ಬೀದಿ ತುದಿಯ ಹಳೆಯ ಸೋಪಿನ ಕಾರ್ಖಾನೆಯಲ್ಲಿ.

ಮುಚ್ಚಿಹೋಗಿದ್ದ ಆ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದು ನಾವು ಬೀದಿಯ ಕೆಲವರು ಸೇರಿ ರಿಪೇರಿ ಮನೆ ನಡೆಸುತ್ತಿದ್ದೆವು. ಕೆಟ್ಟ ಮಿಕ್ಸಿ, ಕುಂಟುವ ಕುರ್ಚಿ, ಜಿಪ್ ಹೋದ ಚೀಲ, ಯಾವುದನ್ನೂ ಎಸೆಯಲು ಬಿಡುತ್ತಿರಲಿಲ್ಲ. ಒಂದು ಗೋಡೆಯ ತುಂಬ ಎರವಲು ಕೊಡುವ ಉಪಕರಣಗಳು, ಎದುರಿಗೆ ಹೊಲಿಗೆ ಯಂತ್ರಗಳು. ನಡುವಿನ ದೊಡ್ಡ ಮೇಜು ಚಿಕ್ಕಮ್ಮನದು. ಮಳೆ ಬಂದರೆ ಗೋಡೆಗಳು ಇಂದಿಗೂ ಸೋಪಿನ ವಾಸನೆ ಬೀರುತ್ತವೆ.

ಮಾಲೀಕರು ಕಟ್ಟಡ ಮಾರುತ್ತೇನೆಂದರು. ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಒಬ್ಬ ಗುತ್ತಿಗೆದಾರ ಕಾದಿದ್ದ. ನಾವೇ ಕೊಳ್ಳೋಣ ಎಂದು ಬೀದಿಯವರಿಗೆ ಅದರ ಪಾಲು ಮಾರಿ ಹಣ ಕೂಡಿಸಲು ಹೊರಟೆವು. ಬೇಕರಿಯವನು ಭಾನುವಾರದ ಗಳಿಕೆ ಕೊಟ್ಟ. ಕ್ಷೌರಿಕ ಕನ್ನಡಿಯ ಪಕ್ಕ ಡಬ್ಬಿ ಇಟ್ಟ. ಕತ್ತಿನ ಹತ್ತಿರ ಕತ್ತರಿ ಇರುವಾಗ ಯಾರು ತಾನೆ ಇಲ್ಲ ಎಂದಾರು? ಆದರೂ ಬೀದಿಯ ಅರ್ಧ ಜನ ನಾಳೆ ಬೀಳುವ ಕಟ್ಟಡಕ್ಕೆ ದುಡ್ಡು ಯಾಕೆ ಎಂದು ಮುಖ ತಿರುಗಿಸಿದರು.

ನಾನು ಹಣಕ್ಕಾಗಿ ಮನೆಮನೆ ಅಲೆಯುತ್ತಿದ್ದರೆ, ಇತ್ತ ಚಿಕ್ಕಮ್ಮ ಪ್ಲಂಬರ್ ಆಗಿದ್ದ ನನ್ನ ಭಾವನನ್ನು ಜೊತೆಗೆ ಕರೆದುಕೊಂಡು ಏಣಿ ಹತ್ತಿದ್ದಳು. ಸೋರುವ ತಗಡು ಬದಲಾಯಿತು. ಬಿರುಕು ಬಿಟ್ಟ ತೊಲೆಗೆ ಕಬ್ಬಿಣದ ಪಟ್ಟಿ ಬಿತ್ತು. ಮಳೆನೀರು ಪೈಪಿನಲ್ಲಿ ತೊಟ್ಟಿಗೆ ಇಳಿಯಿತು. ಮಾಲೀಕರು ಬಂದು ತಲೆಯೆತ್ತಿ ನೋಡಿ, ಕಟ್ಟಡ ಇಷ್ಟು ಚೆನ್ನಾಗಿದೆಯೆಂದು ತಮಗೇ ಗೊತ್ತಿರಲಿಲ್ಲ ಎಂದು ಬೆಲೆ ಏರಿಸಿಬಿಟ್ಟರು.

ಕೊಳ್ಳುವ ಮೊದಲೇ ವಸ್ತುವನ್ನು ಸಿಂಗರಿಸಿ ಬೆಲೆ ಏರಿಸಿಕೊಳ್ಳುವ ಜಾಣರು ನಮ್ಮನ್ನು ಬಿಟ್ಟರೆ ಭೂಮಿಯ ಮೇಲೆ ಇರಲಿಕ್ಕಿಲ್ಲ. ನಾನು ಚಿಕ್ಕಮ್ಮನ ಮೇಲೆ ಹರಿಹಾಯ್ದೆ.

"ಸೋರ್ತಾ ಇದ್ರೆ ಕೆಳಗೆ ಬಕೆಟ್ ಇಟ್ಕೊಂಡು ಕೂತಿರ್ಲಾ?" ಎಂದಳು.

ಏಣಿಯನ್ನು ಒಯ್ದು ಬೇಕರಿಯ ಹಿಟ್ಟಿನ ಮೂಟೆಗಳ ಹಿಂದೆ ಬಚ್ಚಿಟ್ಟೆ. ಅವತ್ತಿನಿಂದ ಅವಳು ಮೇಜಿನ ಮುಂದೆ ಕೈ ಕಟ್ಟಿ ಕೂತಳು, ಮಾತೂ ನಿಲ್ಲಿಸಿದಳು. ಕಟ್ಟಡ ಕೈತಪ್ಪಿದರೆ ಮತ್ತೆ ಮನೆಯ ಮೂಲೆ ಸೇರುತ್ತಾಳೆ ಎಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಏರಿದ ಬೆಲೆಗೆ ಗುತ್ತಿಗೆದಾರ ತಕ್ಷಣ ಒಪ್ಪಿದ. ಅವನಿಗೆ ಒಂದೇ ತೊಡಕು. ನಮ್ಮ ಬೀದಿಯ ಹಳೆಯ ಕಟ್ಟಡಗಳನ್ನು ಕೆಡವಬೇಕಾದರೆ ಅವು ಶಿಥಿಲವಾಗಿವೆ ಎಂದು ನಗರಸಭೆಯ ಎಂಜಿನಿಯರ್ ಹೇಳಬೇಕು. ಹಳೆಯ ಸೋಪಿನ ಕಾರ್ಖಾನೆಯನ್ನು ಗಟ್ಟಿ ಎನ್ನುವವರುಂಟೆ ಎಂದು ಅವನು ನಗುನಗುತ್ತಲೇ ಅವರನ್ನು ಕರೆತಂದ.

ಎಂಜಿನಿಯರ್ ಗೋಡೆ ಕುಟ್ಟಿದರು, ತಗಡು ನೋಡಿದರು, ತೊಲೆಯ ಕೆಳಗೆ ಬಹಳ ಹೊತ್ತು ನಿಂತರು. ಈ ಪಟ್ಟಿ ಹಾಕಿದವರು ಯಾರು ಎಂದು ಕೇಳಿದರು.

"ನಾನೇ," ಎಂದಳು ಚಿಕ್ಕಮ್ಮ. "ತಪ್ಪಾಯ್ತಾ?"

"ತಪ್ಪೇನಿಲ್ಲಮ್ಮ. ಇದು ಇನ್ನೂ ಐವತ್ತು ವರ್ಷ ಅಲ್ಲಾಡಲ್ಲ."

ಗುತ್ತಿಗೆದಾರನ ಮುಖ ಇಂಗು ತಿಂದ ಮಂಗನಂತಾಯಿತು. ಕೆಡವಲಾಗದ ಕಟ್ಟಡ ತನಗೆ ಬೇಡವೆಂದು ಹೊರಟೇಹೋದ. ಬೇರೆ ಗಿರಾಕಿಯಿಲ್ಲದ ಮಾಲೀಕರು ಮೊದಲಿನ ಬೆಲೆಗೇ ಇಳಿದರು. ಎಂಜಿನಿಯರ್ ಮಾತು ಬೀದಿಯೆಲ್ಲ ಹಬ್ಬಿತು. ಮುಖ ತಿರುಗಿಸಿದ್ದವರೇ ಸಾಲಾಗಿ ಬಂದು ಪಾಲು ಕೊಂಡರು. ಸಂಜೆಯೊಳಗೆ ಮಾರಲು ಒಂದು ಪಾಲೂ ಉಳಿಯಲಿಲ್ಲ. ಕ್ಷೌರಿಕನಂತೂ ತನಗಿನ್ನೊಂದು ಬೇಕಿತ್ತೆಂದು ಜಗಳಕ್ಕೇ ನಿಂತ.

ನೋಂದಣಿ ಮುಗಿಸಿ ಬಂದಾಗ ಇಡೀ ಬೀದಿ ಬಾಗಿಲಲ್ಲಿ ನೆರೆದಿತ್ತು. ನಾನು ಕೀಲಿಯನ್ನು ಚಿಕ್ಕಮ್ಮನ ಕೈಯಲ್ಲಿಟ್ಟೆ. ಅವಳು ಅದರ ಕಡೆ ನೋಡಲೂ ಇಲ್ಲ.

"ಈಗ ಇದು ನಮ್ದೇ ತಾನೆ?"

"ನಮ್ದೇ, ಚಿಕ್ಕಮ್ಮ."

"ಹಾಗಾದ್ರೆ ಏಣಿ ಎಲ್ಲಿಟ್ಟಿದ್ದೀಯೋ ತಗೊಂಬಾ. ಆ ಹಿಂದಿನ ಮುರುಕು ಕಿಟಕಿ ನೋಡಿ ನೋಡಿ ಸಾಕಾಗಿದೆ."

ನಾನೂ ಭಾವನೂ ಬೇಕರಿಗೆ ಓಡಿದೆವು. ಹಿಟ್ಟು ಮೆತ್ತಿದ ಏಣಿಯನ್ನು ಹೆಗಲ ಮೇಲೆ ಹೊತ್ತು ಬರುವಾಗ ಇಡೀ ಬೀದಿ ಚಪ್ಪಾಳೆ ತಟ್ಟಿತು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಮೇಲಿನಿಂದ ಸುತ್ತಿಗೆ ಕೊಡು, ಮೊಳೆ ಕೊಡು, ಸರಿಯಾಗಿ ಹಿಡಿ ಎಂದು ಒಂದೇ ಸಮ ಬೈಯತೊಡಗಿದಳು. ನಾನು ಏಣಿಯ ಕಾಲು ಹಿಡಿದು, ಬೈಸಿಕೊಳ್ಳುತ್ತಾ, ಸಂತೋಷಕ್ಕೆ ಅಳುತ್ತಾ ನಿಂತೆ.