ಕಫದ ಲೋಟ

ಒರೆಸುತ್ತಾಳೆ, ಮತ್ತೆ ಒರೆಸುತ್ತಾಳೆ, ಇವಳ ಪಕ್ಕದ ಮಂಚದ ಟೀಚರಮ್ಮ ಸ್ಪಿರಿಟ್ ಅದ್ದಿದ ಹತ್ತಿಯಿಂದ ಆವಿ ಯಂತ್ರದ ಮೂತಿಯನ್ನು ತಿಕ್ಕುತ್ತಾಳೆ, ಇವಳ ಬಾಯಿ ತಾಗಿದ ಜಾಗ, ತಿಕ್ಕಲಿ, ಪ್ಲಾಸ್ಟಿಕ್ಕೇ ಸವೆದುಹೋಗಲಿ — ಮೂಗಿಗೆ ಸಿಕ್ಕಿಸಿದ ನಳಿಕೆಯಿಂದ ಆಕ್ಸಿಜನ್ ತಣ್ಣಗೆ ಬರುತ್ತಿದೆ, ರಬ್ಬರು ನಾರುತ್ತಿರಬೇಕು, ಇವಳಿಗೆ ಯಾವ ವಾಸನೆಯೂ ಇಲ್ಲ, ಕೊರೋನಾ ಬಂದ ದಿನವೇ ವಾಸನೆ ಹೋಯಿತು, ಆದರೂ ಹೇಸಿಗೆ, ಹೇಸಿಗೆಗೆ ಮೂಗು ಬೇಕಿಲ್ಲವೇನೋ. ಮೊನ್ನೆ ಇದೇ ಟೀಚರಮ್ಮ ತಾನು ಎಳೆದ ಮೂತಿಯನ್ನು ಸೆರಗಿನಲ್ಲಿ ಒಮ್ಮೆ ಸವರಿ, ತಗೋ ಮಗಳೇ, ಬಿಸಿ ಇರುವಾಗಲೇ ತಗೋ, ಎಂದು ಜೊಲ್ಲಿನ ಸಮೇತ ದಾಟಿಸಿದ್ದಳು, ಇವಳು ಮುಖ ಸಿಂಡರಿಸಲಿಲ್ಲ. ಅವಳ ಕಫದ ಲೋಟಕ್ಕೂ ಸಿಂಡರಿಸಲಿಲ್ಲ. ಆಯಾ ಬಂದಿರಲಿಲ್ಲ, ಇವಳಿಗಿನ್ನೂ ಎದ್ದು ಓಡಾಡುವ ಉಸಿರಿತ್ತು, ತಾನೇ ಒಯ್ದು ಚೆಲ್ಲಿದಳು, ಹಳದಿ, ಹಸಿರು, ದಾರದಂತೆ ಎಳೆ ಬಿಡುತ್ತಾ ಸಿಂಕಿಗೆ ಇಳಿಯದೆ ಲೋಟದ ಅಂಚಿಗೇ ಜೋತುಬಿದ್ದ ಕಫ, ಬೆರಳಿನಿಂದ ನೂಕಿದಳು, ಊರವರ ಕಂಕುಳ ಬೆವರು ಹೀರಿದ ರವಿಕೆಗಳನ್ನು ಬಿಚ್ಚಿ ಹೊಲಿದ ಟೈಲರ್ ಬೆರಳು, ಅದಕ್ಕೆ ಇದೇನು ಮಹಾ.

ಇವಳ ಮಾತ್ರೆ ಮುಗಿದಿತ್ತು, ಅಷ್ಟೇ. ಸತ್ತ ಗಂಡ ಬಿಟ್ಟುಹೋದ ಆಸ್ತಿ ಅದೊಂದೇ, ರಕ್ತದಲ್ಲಿರುವುದು, ಇಷ್ಟು ವರ್ಷ ಒಂದು ದಿನವೂ ತಪ್ಪಿಸದೆ ನುಂಗಿ ನುಂಗಿ ಅದನ್ನು ಮೂಲೆಯಲ್ಲಿ ಬಾಲ ಮುದುರಿಸಿ ಕೂರಿಸಿದ್ದಾಳೆ, ಯಾವ ಕಾರಣಕ್ಕೂ ಬಿಡಬೇಡಮ್ಮ ಎಂದಿದ್ದರು ಡಾಕ್ಟರು, ನೀನು ಬಿಟ್ಟರೆ ಅದು ಎದ್ದು ಕೂರುತ್ತೆ, ಮೇಲಿಂದ ಕೊರೋನಾ, ಆಮೇಲೆ ನನ್ನ ಕೈಲೂ ಆಗಲ್ಲ — ಅದಕ್ಕೇ ನರ್ಸಿನ ಕಿವಿಯಲ್ಲಿ ಪಿಸುಗುಟ್ಟಿದಳು. ನರ್ಸು, ಮಾಸ್ಕಿನ ಮೇಲೆ ಮಾಸ್ಕು, ಅದರೊಳಗಿಂದ ಕಿರುಚಿ ಕಿರುಚಿ ಕಿರುಚುವುದೇ ಮಾತಾಗಿಹೋದವಳು, ಇವತ್ತು ಬೆಳಿಗ್ಗೆ ಬಾಗಿಲಲ್ಲೇ ನಿಂತು, ಯಾರಮ್ಮ ಎಚ್‌ಐವಿ ಮಾತ್ರೆ ಕೇಳಿದ್ದು, ಬಂದಿದೆ ನೋಡಿ. ಆಮೇಲೆ ಸುತ್ತಲಿನವರ ಮಂಚದ ಕಾಲುಗಳು ನೆಲ ಕೆರೆದವು, ಇವಳಿಂದ ದೂರಕ್ಕೆ ಎಳೆದರು, ಇನ್ನಷ್ಟು ಎಳೆದರು, ಎಳೆಯಲು ಉಸಿರೆಲ್ಲಿಂದ ಬಂತೋ. ಇವರೇ, ಬೀದಿಯವರು ಬಾಗಿಲಿಗೆ ಹಲಗೆ ಹೊಡೆದರೆಂದು ಅತ್ತವರು, ಹೆತ್ತ ಮಗನೇ ತಟ್ಟೆಯನ್ನು ಕಾಲಲ್ಲಿ ನೂಕಿದ, ನಾವೇನು ಹುಳಾನಾ ಮಗಳೇ ಎಂದು ಇದೇ ಟೀಚರಮ್ಮ ಬಿಕ್ಕಿದ್ದಳು, ಬೆನ್ನು ನೀವಿದವಳು ಇವಳು. ಈಗ ಮಗಳೇ ಹೋಗಿ ಆ ಹೆಂಗಸು ಅನ್ನುತ್ತಾಳೆ, ಆ ಹೆಂಗಸನ್ನ ಇಲ್ಲಿಂದ ಎತ್ತಿ ಸಿಸ್ಟರ್, ನನಗೆ ಶುಗರ್ ಬೇರೆ ಇದೆ. ನಿನ್ನ ಕಫ ನನ್ನ ಉಗುರಲ್ಲಿತ್ತು ಕಣೇ, ಜಾರದ ಎಳೆ, ಎಷ್ಟು ಸೋಪು ಹಾಕಿದರೂ ಬೆರಳ ತುದಿ ಜಿಗಿಜಿಗಿ, ಈಗಲೂ —

ನರ್ಸು ಬಂದಳು, ದನಿ ಇಳಿಸಿ ಬಂದಳು, ಇಳಿಸಬೇಕಾದಾಗ ಇಳಿಸದ ದನಿ. ಆ ಕೊನೇ ರೂಮು ಖಾಲಿ ಇದೆಯಮ್ಮ, ನಿನಗೊಬ್ಬಳಿಗೇ, ಫ್ಯಾನಿದೆ, ಕಿಟಕಿ ಇದೆ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಕೊನೇ ರೂಮು ಗೊತ್ತು ಇವಳಿಗೆ, ನೆಲ ಒರೆಸುವ ಕೋಲು, ಬಕೆಟ್ಟು, ಗೋಡೆಯಲ್ಲಿ ಆಕ್ಸಿಜನ್ ಪೈಪಿಲ್ಲ. ಉಸಿರಿಗೇನು ಮಾಡಲಿ ಎಂದು ಕೇಳಿದಳು. ಸಿಲಿಂಡರ್ ಬಂದಾಗ ಮೊದಲು ನಿನಗೇ ಕೊಡ್ತೀವಿ, ಅಲ್ಲೀವರೆಗೆ ಹೇಗೋ ಸುಧಾರಿಸ್ಕೋ, ಎಂದಳು ನರ್ಸು, ಎನ್ನುತ್ತಲೇ ನಳಿಕೆ ಬಿಡಿಸಲು ಕೈ ಚಾಚಿದಳು, ವಾರ್ಡಿಗೆ ವಾರ್ಡೇ ಇವಳ ಬಾಯನ್ನು ನೋಡುತ್ತಿದೆ, ಏಳಮ್ಮ, ನಾನು ಹಿಡ್ಕೋತೀನಿ, ಏಳು.

ಏಳಲ್ಲ, ಎಂದಳು.