ಬಟನ್ ಮೇಲಿನ ಬೆರಳು

ಉಗುರು ಬೆಳ್ಳಗಾಗಿದೆ, ಅತ್ತೆಯ ಹೆಬ್ಬೆರಳಿನ ಉಗುರು, ಅಷ್ಟು ಒತ್ತಬೇಕಾಗಿಲ್ಲ ಅಂತ ಹೇಳಿದ್ದೆ, ಆದರೆ ನಮ್ಮತ್ತೆ ಮುತ್ತವ್ವ ಯಾವ ಕೆಲಸವನ್ನು ಮೆಲ್ಲಗೆ ಮಾಡಿದ್ದಾಳೆ — ಬಿಟ್ರ ಏನಾಕ್ಕೈತಿ ಬೇ ಕಾಂಚನಾ ಅಂದಳು, ಬಿಡಬ್ಯಾಡ್ರಿ ಅತ್ತಿ ಅಂದೆ, ಹಳೇ ಪ್ರೋಗ್ರಾಮ್ ಅಳಿಸೇನಿ, ಹೊಸಾದು ಪೂರಾ ಏರೂತನಕಾ ನೀವು ಈ ಬಟನ್ ಒತ್ತಿ ಹಿಡಿದ್ರನ ಈ ಬೋರ್ಡಿಗೆ ಜೀವಾ. ಗುಜರಿಯಿಂದ ತಂದ ಹೋವರ್‌ಬೋರ್ಡು, ಹುಡುಗರು ನಿಂತು ತಿರುಗುವ ಎರಡು ಚಕ್ರದ ಹಲಗೆ, ಬಿಚ್ಚಿ ಒಂದು ಚಕ್ರವನ್ನು ಕಂಡಿಕೆಗೆ, ಮಗ್ಗದ ಲಾಳಿಯೊಳಗಿನ ಪುಟ್ಟ ಕೊಳವೆಗೆ, ನೂಲು ಸುತ್ತುವ ರಾಟಿಗೆ ಕೂಡಿಸಿದ್ದೇನೆ, ಆದರೆ ಅದರ ಬುದ್ಧಿ ಆಟಿಕೆಯದು, ಕಾಲಿಟ್ಟರೆ ಓಡುವುದಷ್ಟೇ ಗೊತ್ತಿತ್ತು, ನೂಲು ಹರಿಯದಂತೆ ಒಂದೇ ಹದದಲ್ಲಿ ತಿರುಗಲು ಅದಕ್ಕೆ ಹೊಸ ಬುದ್ಧಿ ಬೇಕು. ಚಕ್ರ ಇಟ್ಟಂಗಿಯ ಮೇಲೆ ನೆಲ ಬಿಟ್ಟು ನಿಂತಿದೆ, ನೋಡಿದ್ದೇನೆ, ಅತ್ತೆಯ ಸೆರಗು ದೂರವಿದೆ, ನೋಡಿದ್ದೇನೆ, ಲ್ಯಾಪ್‌ಟಾಪಿನಿಂದ ಮೂರೇ ತಂತಿ, ಕರೆಂಟು ಕೊಡುವ ನಾಲ್ಕನೆಯದಕ್ಕೆ ಟೇಪು ಸುತ್ತಿದ್ದೇನೆ, ಬೋರ್ಡಿಗೆ ತನ್ನದೇ ಬ್ಯಾಟರಿ ಇರುವಾಗ ಎರಡು ಕಡೆಯಿಂದ ಉಣಿಸಿದರೆ ಸುಟ್ಟೀತು — ಸುಟ್ಟರೆ ಇನ್ನೊಂದಿಲ್ಲ, ಅತ್ತೆ ಮತ್ತೆ ಕೈಯಿಂದಲೇ ರಾಟಿ ತಿರುಗಿಸುತ್ತಾಳೆ, ಹೀಗೇ ತಿರುಗಿಸಿದರೆ ಈ ಭುಜ ಇನ್ನು ಮೇಲೇಳದು ಅಂತ ಡಾಕ್ಟರು ಹೇಳಿದ್ದನ್ನು ಕೇಳಿಯೂ, ಕೈ ಕಟ್ಕೊಂಡ್ ಕುಂಡ್ರಾಕ ನಾ ಏನ್ ಗ್ವಾಡಿಮ್ಯಾಲಿನ ಫೋಟೋ ಏನ್ರಿ ಅಂತ ಅವರಿಗೇ ಅಂದು ಬಂದವಳು.

ಆ ಭುಜ ನನಗಾಗಿ ಸವೆದದ್ದು, ರಬಕವಿಯ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಡಿಪ್ಲೊಮಾ ಅರ್ಧಕ್ಕೆ ನಿಂತಿತ್ತು, ಸೊಸಿ ಸಾಲಿಗಿ ಹ್ವಾದ್ರ ಕಂಡಿಕಿ ಯಾರ್ ಸುತ್ತಬೇಕ ಅಂದರು ಮಾವ, ಒಲೆಯ ಮುಂದಿನಿಂದ ಅತ್ತೆ, ಆಕಿ ಪಾಲಿಂದೂ ನಾನ ಸುತ್ತತೇನಿ, ಓದ್ಲಿ ಬಿಡ್ರಿ ಅಂದಳು, ಅಷ್ಟೇ, ಅದರ ಮಾತು ಮತ್ತೆ ಎತ್ತಲಿಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತ ಗಾದೆಯಿದೆ, ಇಲ್ಲಿ ಸೊಸೆ ಬಿಚ್ಚಿ ಕೆಡಿಸಿದ ಮಿಕ್ಸರಿಗೂ ಯಾರೂ ಬೆಲೆ ಕೇಳಲಿಲ್ಲ, ಎಂಥ ಪುಣ್ಯ ನನ್ನದು, ಸ್ಕ್ರೀನಿನಲ್ಲಿ ಎಷ್ಟು ಏರಿತೆಂದು ತೋರಿಸುವ ಹಸಿರು ಗೆರೆ ಅರ್ಧ ದಾಟಿದೆ, ಉಗುರು ಇನ್ನೂ ಬೆಳ್ಳಗಿದೆ, ಮಧ್ಯಾಹ್ನ ಹೋದ ಕರೆಂಟು ಬಂದಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಸಾಲುತ್ತದೆ, ಕತ್ತಲಾಗುತ್ತಿದೆ — ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಖಟಖಟ ಅಂದವು, ತಲೆಯ ಮೇಲೆ ಬಲ್ಬು ಹತ್ತಿತು, ಅಯ್ಯೋ, ಸಂಜೆಯ ದೀಪ, ದೀಪ ಹತ್ತಿದರೆ ಅತ್ತೆಯ ಕೈಗಳು ತಾವಾಗಿ ಕೂಡುತ್ತವೆ, ಹಿಟ್ಟು ನಾದುತ್ತಿದ್ದರೂ ಬಿಟ್ಟು ಕೈಮುಗಿಯುವವಳು, ಚಕ್ರ ನೋಡಿದೆ, ತಂತಿ ನೋಡಿದೆ, ಇದೊಂದು ಹೊಳೆಯಲೇ ಇಲ್ಲ, ಎಡಗೈ ಎದ್ದೇಬಿಟ್ಟಿತು, ಬಿಡಬ್ಯಾಡ್ರಿ ಅನ್ನಲು ಬಾಯಿ ತೆರೆಯುವಷ್ಟರಲ್ಲಿ — ಎಡಗೈ ಕೆಳಗಿಳಿಯಿತು, ಬೋರ್ಡಿನ ಮೇಲಿದ್ದ ಬಲಗೈಗೇ ಬಂದು ಸೇರಿತು, ಅಲ್ಲೇ ಜೋಡಿಸಿ, ನೋಯುವ ಭುಜ ಬಾಗಿಸಿ, ಹಣೆಯನ್ನೇ ಕೈಯ ಹತ್ತಿರ ತಂದಳು, ಹೆಬ್ಬೆರಳು ಕದಲಲಿಲ್ಲ. ಗೆರೆ ತುಂಬಿತು, ಎಲ್ಲ ಸರಿಯಾಗಿ ಏರಿದೆ ಅಂತ ಸ್ಕ್ರೀನು ಹೇಳುತ್ತಿದೆ. ಆತೇನ ಬೇ ಅನ್ನುತ್ತಿದ್ದಾಳೆ, ಆತ್ರಿ, ಇನ್ನ ಬಿಡ್ರಿ ಅತ್ತಿ ಅನ್ನಬೇಕು, ಅವಳ ಕೈಯನ್ನೇ ನೋಡುತ್ತಿದ್ದೇನೆ, ನಾನು ಹೇಳುವ ತನಕ ಬಿಡುವವಳಲ್ಲ, ಎಂದೂ ಬಿಟ್ಟವಳಲ್ಲ, ಆ ಹೆಬ್ಬೆರಳು, ಬೆಳ್ಳಗಾದ ಆ ಉಗುರು —