ನೀರು ಎರಡನೆಯ ಸುತ್ತಿಗೆ

ಬೆಳಗಿನಿಂದ ಕಡಲತೀರದ ಮುಗ್ಲಾ ಸೀಮೆಯ ಪೈನ್ ಕಾಡಿನ ಇಳಿಜಾರಿನಲ್ಲಿ, ಬೆಂಕಿ ದಾಟದಂತೆ ಅಡ್ಡಗೆರೆಯಾಗಿ ಮಣ್ಣು ಕೆರೆಯುತ್ತಿದ್ದೆವು. ಬೂಟಿನ ಅಡಿ ಕರಗಿ ಕಲ್ಲಿಗೆ ಅಂಟುತ್ತಿತ್ತು. ನಾವು ಅರಣ್ಯ ಇಲಾಖೆಗೆ ಬೇಸಿಗೆಗೆ ಮಾತ್ರ ಬೇಕಾದ ಕೂಲಿಗಳು. ಗಟ್ಟಿ ಬೂಟು ಖಾಯಂ ನೌಕರರಿಗೆ.

ಅಷ್ಟರಲ್ಲಿ ವಿಮಾನದ ಸದ್ದು ಕೇಳಿಸಿತು.

"ನಮ್ಮ ಸೆಜ್ಗಿನ್ ಬಂದ ಕಣ್ರೋ!" ನನ್ನಣ್ಣ ಹಿದಿರ್ ಸಲಿಕೆ ಎತ್ತಿ ಕುಣಿದ. "ಬೀಚಿನ ಮೇಲೆ ಐಸ್‌ಕ್ರೀಮ್ ಜಾಹೀರಾತಿನ ಬಟ್ಟೆ ಎಳ್ಕಂಡು ಹಾರ್ತಿದ್ದೋನು, ಈಗ ನೋಡ್ರೋ ಅವನ ಗತ್ತು!"

ಸೆಜ್ಗಿನ್ ನಮ್ಮೂರಿನವನು. ಬೆಂಕಿ ಆರಿಸುವ ವಿಮಾನ ನಡೆಸಬೇಕೆಂದು ವರ್ಷಗಟ್ಟಲೆ ಕಾದವನು. ವಿಮಾನದ ಕಂಪನಿ ಅವನನ್ನು ಒಂದು ಬೇಸಿಗೆಗೆ ತೆಗೆದುಕೊಂಡಿತ್ತು. ಮುಂದಿನ ವರ್ಷವೂ ಹಾರಬೇಕಾದರೆ ಅರಣ್ಯ ಇಲಾಖೆಯ ಸಾಹೇಬ ತುಂಜಾಯ್ ಒಳ್ಳೆಯ ಮಾತು ಹೇಳಬೇಕಿತ್ತು.

ವಿಮಾನ ಸೈರನ್ ಕೂಗುತ್ತ ನೆತ್ತಿಯ ಮೇಲೆ ಹಾದುಹೋಯಿತು. ಮೊದಲ ಸುತ್ತಿಗೆ ನೀರು ಬೀಳುವುದಿಲ್ಲ, ಅದು ಕೆಳಗಿದ್ದವರಿಗೆ ಎಚ್ಚರಿಕೆ. ನೀರು ಎರಡನೆಯ ಸುತ್ತಿಗೆ. ವಿಮಾನದ ಹೊಟ್ಟೆಯಲ್ಲಿನ ಅಷ್ಟೂ ನೀರು ಒಮ್ಮೆಲೇ ಬಿದ್ದರೆ ನಿಂತವನ ಬೆನ್ನು ಮುರಿಯುತ್ತದೆ. ಆದ್ದರಿಂದ ಸೈರನ್ ಕೇಳಿದವರು ಕೆಲಸ ಬಿಟ್ಟು ಬೋರಲು ಮಲಗಬೇಕು, ನೀರು ಬೀಳುವವರೆಗೆ ಏಳಬಾರದು. ನಾವೂ ಮಲಗಿದೆವು.

ವಿಮಾನ ತಿರುಗಿತು. ತಿರುಗಿ ಸಮುದ್ರದ ಕಡೆಗೆ ಹೋಯಿತು.

ಗಾಳಿ ಎದ್ದಿತು. ಬೆಂಕಿ ನಾವು ಕೆರೆದ ಗೆರೆ ದಾಟಿತು.

"ಅಣ್ಣ, ಏಳೋ!"

"ಸುಮ್ನೆ ಬಿದ್ಕಳೋ. ಸೈರನ್ ಹಾಕವ್ನೆ, ಬಂದೇ ಬರ್ತಾನೆ."

ಬರಲಿಲ್ಲ. ನಾನು ತುದಿಯಲ್ಲಿದ್ದೆ, ಬಂಡೆಯ ಆಚೆಗೆ ಉರುಳಿ ಬದುಕಿದೆ. ಉಳಿದವರು ಎದ್ದು ಓಡಿ ಪಾರಾದರು. ಅಣ್ಣ ಬದುಕಲಿಲ್ಲ.

ಮರುದಿನ ಮಸೀದಿಯಂಗಳಕ್ಕೆ ತುಂಜಾಯ್ ಸಾಹೇಬ ಟಿವಿಯವರೊಂದಿಗೆ ಬಂದ. "ಹೊಗೆ ದಟ್ಟವಾಗಿತ್ತು, ಪೈಲಟ್‌ಗೆ ಏನೂ ಕಾಣಿಸಲಿಲ್ಲ" ಎಂದ. ಪಕ್ಕದಲ್ಲಿ ಸೆಜ್ಗಿನ್ ತಲೆ ತಗ್ಗಿಸಿ ನಿಂತಿದ್ದ.

ಅಣ್ಣನ ಶವವಿದ್ದ ಜನಾಜಾದ ಮುಂದೆ ಇಮಾಮರು, ಪ್ರತಿ ಸಾವಿನಲ್ಲೂ ಕೇಳುವಂತೆ, ಊರವರನ್ನು ಕೇಳಿದರು: "ಈತ ನಿಮಗೇನಾದರೂ ಋಣಿಯಾಗಿದ್ದರೆ ಮನ್ನಾ ಮಾಡ್ತೀರಾ?"

"ಮಾಡಿದೀವಿ" ಎಂದಿತು ಊರು.

ಸೆಜ್ಗಿನ್ ಮಾತ್ರ ಅಳುತ್ತ ಮುಂದೆ ಬಂದ. "ಹಿದಿರಣ್ಣ ಯಾರಿಗೂ ಋಣಿ ಅಲ್ಲ ಇಮಾಮರೇ. ನಾನು ಅವನಿಗೆ ಋಣಿ. ಹೊಗೆ ಇರಲಿಲ್ಲ. ಮಲಗಿದ್ದೋರು ಒಬ್ಬೊಬ್ಬರೂ ಕಾಣ್ತಿದ್ರು. ನೀರನ್ನ ಸಮುದ್ರದಂಡೆ ಹೋಟೆಲಿಗೆ ಒಯ್ಯಿ ಅಂತ ಇದೇ ಸಾಹೇಬ್ರು ರೇಡಿಯೋದಲ್ಲಿ ಹೇಳಿದ್ರು. ಕೆಳಗೆ ಜನ ಮಲಗವ್ರೆ ಅಂದೆ. ನಿನಗೆ ಮುಂದಿನ ವರ್ಷ ಹಾರೋ ಆಸೆ ಇಲ್ವೇನೋ ಅಂದ್ರು. ಇತ್ತು. ಅದಕ್ಕೇ ಹೋದೆ. ಅಲ್ಲಿ ಬೆಂಕಿನೇ ಇರಲಿಲ್ಲ, ಹೋಟೆಲಿನ ಹುಲ್ಲು ನೆನೆಸಿ ಬಂದೆ."

ಅಂಗಳದ ಜನರೆಲ್ಲ ಸಾಹೇಬನತ್ತ ತಿರುಗಿದರು.

"ಪಾಪ, ಹುಡುಗನಿಗೆ ಆಘಾತವಾಗಿದೆ" ಎಂದು ಸಾಹೇಬ ಕ್ಯಾಮೆರಾ ಇಳಿಸುವಂತೆ ಟಿವಿಯವರಿಗೆ ಕೈಸನ್ನೆ ಮಾಡಿ, ಜನಾಜಾಕ್ಕೆ ಹೆಗಲು ಕೊಡಲು ಬಂದ.

"ಆ ಹೆಗಲು ನನ್ನ ಗಂಡಂಗೆ ಬೇಡ!" ಹೆಂಗಸರ ನಡುವಿನಿಂದ ಸಾದೆತ್ ಅತ್ತಿಗೆ ಕೂಗಿದಳು.

ನಾವು ಜನಾಜಾದ ಸುತ್ತ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತೆವು. ಸಾಹೇಬ ಮುಂದೆ ಬಂದ, ಹಿಂದೆ ಹೋದ. ಎಲ್ಲಿಯೂ ಸಂದು ಸಿಗಲಿಲ್ಲ. ಸಿಟ್ಟು ನೆತ್ತಿಗೇರಿ ಕಾರು ಹತ್ತಿದ.

"ಅತ್ತಿಗೆ, ನನ್ನ..." ಸೆಜ್ಗಿನ್ ತೊದಲಿದ.

"ಮನ್ನಾ ಕೇಳ್ಬೇಡ. ನನ್ಹತ್ರ ಇಲ್ಲ. ಈಗ ಆಡಿದ ಮಾತು ಕೋರ್ಟಲ್ಲೂ ಆಡ್ತೀಯಾ?"

"ಆಡ್ತೀನಿ. ನನ್ನ ಹಾರಾಟ ಇಲ್ಲಿಗೆ ಮುಗೀತು ಅತ್ತಿಗೆ."

"ನನ್ನ ಗಂಡನ ಬಾಳೂ ಮುಗೀತು. ನಡಿ, ಗುಂಡಿ ತೋಡೋಕೆ ಕೈ ಬೇಕು."

ಸೆಜ್ಗಿನ್ ಸಲಿಕೆ ತೆಗೆದುಕೊಂಡು ನಮ್ಮ ಹಿಂದೆ ನಡೆದ.